ಒಂದು ತಿಂಗಳು, ಹಲವು ಪ್ರಕಾರಗಳು: ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ತಿಂಗಳ ಅವಧಿಯಲ್ಲಿ ಬೇರೆ ಬೇರೆ ಪ್ರಕಾರದ ಪುಸ್ತಕಗಳನ್ನು ಓದಬೇಕೆಂದು ಹೊರಟವರು ಮಾತುಕತೆಯಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಒಂದೊಂದು ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು.

## ಶುರು ಮಾಡುವ ಮುನ್ನ

ತಿಂಗಳಿಡೀ ಬೇರೆ ಬೇರೆ ಪ್ರಕಾರ ಓದುವುದು ಎಂದರೆ ನಿಜವಾಗಿ ಏನು ಮಾಡಬೇಕು?

ಒಂದು ತಿಂಗಳಲ್ಲಿ ನೀವು ಕೈಗೆತ್ತಿಕೊಳ್ಳುವ ಪುಸ್ತಕಗಳಲ್ಲಿ ಯಾವ ಎರಡೂ ಒಂದೇ ಜಾತಿಯವಾಗಿರದಂತೆ ನೋಡಿಕೊಳ್ಳುವುದು, ಅಷ್ಟೇ. ಒಂದು ಕಾದಂಬರಿ, ಒಂದು ನಾಟಕ, ಒಂದು ಕವನ ಸಂಕಲನ, ಒಂದು ಆತ್ಮಕಥೆ, ವಿಜ್ಞಾನದ್ದೋ ಇತಿಹಾಸದ್ದೋ ಒಂದು ಪುಸ್ತಕ ಎಂದು ಆರಿಸಿಕೊಂಡರೆ ತಿಂಗಳು ತುಂಬುತ್ತದೆ. ಇದರ ಉದ್ದೇಶ ಮಾತ್ರ ಪಟ್ಟಿಯನ್ನು ಮುಗಿಸುವುದಲ್ಲ. ಕಾದಂಬರಿಯನ್ನು ಓದುವ ವೇಗದಲ್ಲಿ ಕವಿತೆಯನ್ನು ಓದಿದರೆ ಕವಿತೆ ಸಿಕ್ಕುವುದಿಲ್ಲ. ಕವಿತೆಯ ಮುಂದೆ ನಿಲ್ಲುವಷ್ಟು ಹೊತ್ತು ಪತ್ತೇದಾರಿ ಕಾದಂಬರಿಯ ಪ್ರತಿ ವಾಕ್ಯದ ಮುಂದೆ ನಿಂತರೆ ಅದರ ಓಟವೇ ಕೆಡುತ್ತದೆ. ಪ್ರಕಾರ ಬದಲಾದಾಗಲೆಲ್ಲ ನಮ್ಮ ಓದಿನ ರೀತಿಯೂ ಬದಲಾಗಬೇಕು. ಆ ಬದಲಾವಣೆಯನ್ನು ಕೆಲವೇ ವಾರಗಳಲ್ಲಿ, ಒಂದರ ಬೆನ್ನಿಗೆ ಒಂದರಂತೆ ಅನುಭವಿಸಿದಾಗ ನಾವು ಇದುವರೆಗೆ ಎಲ್ಲವನ್ನೂ ಒಂದೇ ರೀತಿಯಲ್ಲಿ ಓದುತ್ತಿದ್ದೆವೆಂಬುದು ಗೊತ್ತಾಗುತ್ತದೆ. ಈ ಅಭ್ಯಾಸದ ದೊಡ್ಡ ಲಾಭ ಅದೇ ಎಂದು ನಾನು ನಂಬಿದ್ದೇನೆ.

ನಾನು ಕಾದಂಬರಿ ಬಿಟ್ಟು ಬೇರೇನೂ ಓದಿದವಳಲ್ಲ. ಯಾವ್ಯಾವ ಪ್ರಕಾರ ಇವೆ, ಎಲ್ಲಿ ಹುಡುಕಲಿ?

ಗ್ರಂಥಾಲಯದ ಕಪಾಟುಗಳ ನಡುವೆ ಒಮ್ಮೆ ನಿಧಾನವಾಗಿ ನಡೆದು ಬನ್ನಿ. ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಾಂಶ ವರ್ಗೀಕರಣವನ್ನು ಅನುಸರಿಸುವ ಗ್ರಂಥಾಲಯವಾದರೆ ಪುಸ್ತಕದ ಬೆನ್ನಿನ ಮೇಲೆ ಒಂದು ಸಂಖ್ಯೆ ಇರುತ್ತದೆ: 100ರಿಂದ ತತ್ತ್ವಶಾಸ್ತ್ರ, 300ರಿಂದ ಸಮಾಜ ವಿಜ್ಞಾನ, 500ರಿಂದ ವಿಜ್ಞಾನ, 700ರಿಂದ ಕಲೆ, 800ರಿಂದ ಸಾಹಿತ್ಯ, 900ರಿಂದ ಇತಿಹಾಸ ಮತ್ತು ಭೂಗೋಳ. ಕಾದಂಬರಿ ಮಾತ್ರ ಓದುವವರು ಹೆಚ್ಚಾಗಿ 800ರ ಒಂದು ಮೂಲೆಯಲ್ಲೇ ಉಳಿದಿರುತ್ತಾರೆ. ಅದೇ ಸಾಲಿನಲ್ಲಿ ನಾಟಕ, ಕವಿತೆ, ಪ್ರಬಂಧ, ಪತ್ರಗಳೂ ಇರುತ್ತವೆ. ಮೊದಲ ಹೆಜ್ಜೆಯನ್ನು ಅಲ್ಲಿಗೇ ಇಡಬಹುದು.

ಕಾದಂಬರಿಯ ಒಳಗೂ ಪತ್ತೇದಾರಿ, ವೈಜ್ಞಾನಿಕ, ಐತಿಹಾಸಿಕ, ಸಾಮಾಜಿಕ ಎಂಬ ಕವಲುಗಳಿವೆ. ಮೊದಲ ತಿಂಗಳಲ್ಲಿ ಈ ಕವಲುಗಳಿಗಿಂತ ದೊಡ್ಡ ಗಡಿಗಳನ್ನು ದಾಟುವುದು ಒಳ್ಳೆಯದು. ಸಾಮಾಜಿಕ ಕಾದಂಬರಿಯಿಂದ ಐತಿಹಾಸಿಕ ಕಾದಂಬರಿಗೆ ಹೋದಾಗ ಆಗುವ ಬದಲಾವಣೆಗಿಂತ ಕಾದಂಬರಿಯಿಂದ ನಾಟಕಕ್ಕೆ ಹೋದಾಗ ಆಗುವ ಬದಲಾವಣೆ ಎಷ್ಟೋ ಹೆಚ್ಚು.

ತಿಂಗಳಿಗೆ ಎಷ್ಟು ಪುಸ್ತಕ? ಮೂವತ್ತು ದಿನಕ್ಕೆ ಮೂವತ್ತು ಓದುವವರಿದ್ದಾರಂತೆ, ನನಗೆ ನಾಲ್ಕೂ ಕಷ್ಟ.

ನಾಲ್ಕು ಸಾಕು. ಆರಕ್ಕಿಂತ ಹೆಚ್ಚು ಬೇಡವೆಂದೇ ಹೊಸಬರಿಗೆ ಹೇಳುತ್ತೇನೆ.

ಲೆಕ್ಕವನ್ನು ನಿಮ್ಮದೇ ವೇಗದಿಂದ ಹಾಕಿಕೊಳ್ಳಿ. ಇಂಗ್ಲಿಷ್‌ನಲ್ಲಿ ಮೌನವಾಗಿ ಓದುವ ವಯಸ್ಕರ ಸರಾಸರಿ ವೇಗ ನಿಮಿಷಕ್ಕೆ ಸುಮಾರು 240 ಪದ ಎನ್ನುತ್ತಾರೆ. ಆ ಅಂಕಿಯನ್ನು ಕನ್ನಡಕ್ಕೆ ಹಾಗೆಯೇ ತರುವಂತಿಲ್ಲ, ಏಕೆಂದರೆ ವಿಭಕ್ತಿ, ಕಾಲ, ಅವ್ಯಯಗಳೆಲ್ಲ ಅಂಟಿಕೊಂಡ ನಮ್ಮ ಒಂದು ಪದ ಅಲ್ಲಿ ಎರಡು ಮೂರು ಪದಗಳಾಗಿರುತ್ತದೆ. ಹಾಗಾಗಿ ಪುಟಗಳನ್ನು ಎಣಿಸಿ. ಓದಬೇಕೆಂದಿರುವ ಪುಸ್ತಕವನ್ನು ಇಪ್ಪತ್ತು ನಿಮಿಷ ಸಹಜವಾಗಿ ಓದಿ, ಎಷ್ಟು ಪುಟ ಆಯಿತೆಂದು ನೋಡಿ. ಹತ್ತು ಪುಟವಾದರೆ, ದಿನಕ್ಕೆ ನಲವತ್ತು ನಿಮಿಷ ಓದುವವರಿಗೆ ತಿಂಗಳಿಗೆ 600 ಪುಟ ಸಿಕ್ಕುತ್ತದೆ. ಅದರಲ್ಲಿ ಕಾಲುಭಾಗವನ್ನು ಓದಲಾಗದ ದಿನಗಳಿಗೆಂದು ಕಳೆದರೆ 450 ಉಳಿಯುತ್ತದೆ. ಒಂದು ಕಿರು ಕಾದಂಬರಿ, ಒಂದು ನಾಟಕ, ಒಂದು ತೆಳುವಾದ ಕವನ ಸಂಕಲನ, ನೂರರಿಂದ ನೂರೈವತ್ತು ಪುಟಗಳ ಒಂದು ಗದ್ಯ ಕೃತಿ ಇಷ್ಟರಲ್ಲಿ ಹಿಡಿಯುತ್ತವೆ. ಆದರೆ ಕಾದಂಬರಿಯಲ್ಲಿ ಅಳೆದ ವೇಗ ವಿಜ್ಞಾನದ ಪುಸ್ತಕಕ್ಕೆ ಬಂದಾಗ ಅರ್ಧಕ್ಕೆ ಇಳಿಯುವುದುಂಟು. ಅಂಥ ಪುಸ್ತಕದ ಪುಟಗಳನ್ನು ಮೊದಲೇ ಇಮ್ಮಡಿಯೆಂದು ಎಣಿಸಿ.

ಪುಸ್ತಕಗಳನ್ನು ಮೊದಲೇ ಆರಿಸಿ ಇಟ್ಟುಕೊಳ್ಳಬೇಕಾ, ಆಯಾ ಹೊತ್ತಿಗೆ ಮನಸ್ಸು ಬಂದದ್ದನ್ನು ಓದಬಹುದಾ?

ಪ್ರಕಾರಗಳನ್ನು ಮೊದಲೇ ನಿಗದಿ ಮಾಡಿ, ಪುಸ್ತಕಗಳನ್ನು ಸ್ವಲ್ಪ ಸಡಿಲವಾಗಿ ಬಿಡಿ. ಒಂದೊಂದು ಪ್ರಕಾರಕ್ಕೆ ಎರಡು ಪುಸ್ತಕಗಳು ಕೈಗೆ ಎಟುಕುವಂತಿದ್ದರೆ ಒಂದು ಹಿಡಿಸದಿದ್ದಾಗ ಇನ್ನೊಂದಕ್ಕೆ ಹೋಗಬಹುದು, ಪ್ರಕಾರವನ್ನೇ ಕೈಬಿಡಬೇಕಾಗುವುದಿಲ್ಲ. ಪೂರ್ತಿ ಮನಸ್ಸಿಗೆ ಬಿಟ್ಟರೆ ಎರಡನೆಯ ವಾರದ ಹೊತ್ತಿಗೆ ಕೈ ತಾನಾಗಿಯೇ ಹಳೆಯ ಅಭ್ಯಾಸದ ಪುಸ್ತಕದ ಕಡೆಗೆ ಹೋಗುತ್ತದೆ.

ಯಾವುದು ಮೊದಲು, ಯಾವುದು ಆಮೇಲೆ?

ನಿಮಗೆ ಅತ್ಯಂತ ಪರಿಚಿತವಾದ ಪ್ರಕಾರವನ್ನು ಮೊದಲು ಓದಬೇಡಿ. ಅದನ್ನು ತಿಂಗಳ ನಡುವಿಗೆ, ಉತ್ಸಾಹ ತಗ್ಗುವ ದಿನಗಳಿಗೆ ಇಟ್ಟುಕೊಳ್ಳಿ. ಮೊದಲ ವಾರಕ್ಕೆ ಚಿಕ್ಕದಾದ, ಹೊಸದಾದ ಒಂದು ಪ್ರಕಾರ ಒಳ್ಳೆಯದು. ನಾಟಕವಾದರೆ ಇನ್ನೂ ಒಳ್ಳೆಯದು, ಏಕೆಂದರೆ ಒಂದೆರಡು ದಿನಗಳಲ್ಲಿ ಮುಗಿಯುವ ನಾಟಕ ತಿಂಗಳಿಗೆ ಒಂದು ಚಾಲನೆ ಕೊಡುತ್ತದೆ. ಅತಿ ಭಾರವಾದ ಪುಸ್ತಕವನ್ನು ಎರಡನೆಯ ವಾರದಲ್ಲಿ ತೆರೆಯಿರಿ. ಕೊನೆಯ ವಾರಕ್ಕೆ ಉಳಿಸಿದರೆ ಅದನ್ನು ಓಡೋಡುತ್ತಾ ಓದಬೇಕಾಗುತ್ತದೆ. ಕವಿತೆಗೆ ಸರದಿಯೇ ಬೇಡ. ಅದನ್ನು ತಿಂಗಳುದ್ದಕ್ಕೂ ಹರಡುವುದು ಹೇಗೆಂದು ಕವಿತೆಯ ಪ್ರಶ್ನೆಯಲ್ಲಿ ಹೇಳಿದ್ದೇನೆ.

## ತಿಂಗಳ ನಡುವೆ

ಒಂದೇ ಸಲ ಎರಡು ಮೂರು ಪುಸ್ತಕ ಹಿಡಿದರೆ ತಲೆಯಲ್ಲಿ ಎಲ್ಲ ಕಲಸಿಹೋಗುವುದಿಲ್ಲವೇ?

ಒಂದೇ ಪ್ರಕಾರದ ಎರಡು ಪುಸ್ತಕಗಳಾದರೆ ಕಲಸಿಹೋಗುತ್ತವೆ. ಎರಡು ಕಾದಂಬರಿಗಳ ಪಾತ್ರಗಳು, ಊರುಗಳು, ಸಂಬಂಧಗಳು ನೆನಪಿನಲ್ಲಿ ಒಂದೇ ಜಾಗಕ್ಕಾಗಿ ಪೈಪೋಟಿ ಮಾಡುತ್ತವೆ. ಬೇರೆ ಪ್ರಕಾರಗಳ ನಡುವೆ ಆ ಪೈಪೋಟಿ ತೀರ ಕಡಿಮೆ. ಬೆಳಗ್ಗೆ ಒಂದು ಕವಿತೆ, ಹಗಲಿನಲ್ಲಿ ಬಿಡುವಾದಾಗ ಇತಿಹಾಸದ ಒಂದು ಅಧ್ಯಾಯ, ರಾತ್ರಿ ಕಾದಂಬರಿ ಎಂದು ಹೊತ್ತಿಗೊಂದನ್ನು ಕಟ್ಟಿಹಾಕಿದರೆ ಮೂರೂ ತಮ್ಮ ತಮ್ಮ ಪಾಡಿಗೆ ಸಾಗುತ್ತವೆ. ಒಂದು ವಿನಾಯಿತಿ ಇದೆ: ಪತ್ತೇದಾರಿ ಕಾದಂಬರಿಯನ್ನು ಶುರುಮಾಡಿದರೆ ಅದು ಮುಗಿಯುವವರೆಗೆ ಉಳಿದ ಕಥೆಗಳನ್ನು ಬದಿಗಿಡಿ. ಅದರ ಸುಳಿವುಗಳು ನಾಲ್ಕು ದಿನದ ಅಂತರವನ್ನು ತಾಳಿಕೊಳ್ಳುವುದಿಲ್ಲ.

ಐವತ್ತು ಪುಟ ಓದಿದೆ, ಹಿಡಿಸುತ್ತಿಲ್ಲ. ಬಿಡಬಹುದಾ?

ಬಿಡಬಹುದು. ಫ್ರೆಂಚ್ ಲೇಖಕ ಡೇನಿಯಲ್ ಪೆನಾಕ್ 1992ರಲ್ಲಿ ಓದುಗನ ಹತ್ತು ಹಕ್ಕುಗಳನ್ನು ಪಟ್ಟಿ ಮಾಡಿದಾಗ ಪುಸ್ತಕವನ್ನು ಮುಗಿಸದೆ ಬಿಡುವ ಹಕ್ಕಿಗೆ ಮೂರನೆಯ ಸ್ಥಾನ ಕೊಟ್ಟರು; ಪುಟಗಳನ್ನು ಹಾರಿಸುವ ಹಕ್ಕು ಅದಕ್ಕೂ ಮೊದಲೇ ಬರುತ್ತದೆ. ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಹೇಳಿಕೊಟ್ಟ ಲೆಕ್ಕವೂ ಒಂದಿದೆ: ಐವತ್ತು ಪುಟ ಓದಿ ನೋಡಿ, ನಿಮ್ಮ ವಯಸ್ಸು ಐವತ್ತು ದಾಟಿದ್ದರೆ ನೂರರಿಂದ ವಯಸ್ಸನ್ನು ಕಳೆದು ಉಳಿದಷ್ಟು ಪುಟ ಓದಿದರೆ ಸಾಕು.

ಬಹು ಪ್ರಕಾರದ ತಿಂಗಳಿಗೆ ಈ ಲೆಕ್ಕಕ್ಕಿಂತ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ಹಿಡಿಸದಿರುವುದು ಈ ಪುಸ್ತಕವೋ, ಈ ಪ್ರಕಾರವೋ? ಪುಸ್ತಕವಾದರೆ ಅದೇ ಪ್ರಕಾರದ ಇನ್ನೊಂದನ್ನು ತೆರೆಯಿರಿ. ಪ್ರಕಾರವೇ ಆಗಿದ್ದರೆ, ಅದನ್ನು ಓದುವ ರೀತಿಯನ್ನು ಬದಲಿಸಿ ಇನ್ನೂ ಒಂದು ಸಲ ಪ್ರಯತ್ನಿಸಿ. ಕಣ್ಣಿನಲ್ಲಿ ಓದಿದ್ದನ್ನು ಗಟ್ಟಿಯಾಗಿ ಓದಿ, ಅಥವಾ ಮಧ್ಯದ ಒಂದು ಅಧ್ಯಾಯದಿಂದ ಪ್ರವೇಶಿಸಿ. ಹೊಸ ಪ್ರಕಾರದ ಮೊದಲ ಪುಟಗಳಲ್ಲಿ ಆಗುವ ತೊಡಕನ್ನು ಪುಸ್ತಕದ ದೋಷವೆಂದು ತಿಳಿದು ಬಿಟ್ಟುಬಿಡುವವರು ತುಂಬ ಮಂದಿ. ಆ ತೊಡಕಿನ ಆಚೆಗೆ ಹೋಗುವುದಕ್ಕೇ ಈ ತಿಂಗಳು ಇರುವುದು.

ಎರಡನೇ ವಾರಕ್ಕೆ ಓದು ನಿಂತೇ ಹೋಯಿತು. ಮತ್ತೆ ಮೊದಲಿಂದ ಶುರು ಮಾಡಲಾ?

ಬೇಡ, ನಿಂತಲ್ಲಿಂದಲೇ ಮುಂದುವರಿಯಿರಿ. ತಪ್ಪಿದ ದಿನಗಳ ಪುಟಗಳನ್ನು ಮುಂದಿನ ದಿನಗಳ ಮೇಲೆ ಹೇರಬೇಡಿ. ಪಟ್ಟಿಯಿಂದ ಒಂದು ಪುಸ್ತಕವನ್ನು ತೆಗೆದುಬಿಡಿ. ಒಂದು ಸಣ್ಣ ಕಥೆಯನ್ನೋ ಪ್ರಬಂಧವನ್ನೋ ಒಂದೇ ಸಲ ಕುಳಿತು ಮುಗಿಸಿದರೆ ಓದು ಮತ್ತೆ ಹಳಿಗೆ ಬರುತ್ತದೆ.

ಕೇಳುವ ಪುಸ್ತಕ, ಮೊಬೈಲಿನಲ್ಲಿ ಓದುವ ಪುಸ್ತಕ ಲೆಕ್ಕಕ್ಕೆ ಬರುತ್ತವಾ?

ಖಂಡಿತ ಬರುತ್ತವೆ. ಯಾವುದನ್ನು ಯಾವುದರಲ್ಲಿ ಎಂಬುದನ್ನು ಮಾತ್ರ ಯೋಚಿಸಿ ಆರಿಸಿಕೊಳ್ಳಿ. ಆತ್ಮಕಥೆ, ಪ್ರವಾಸ ಕಥನ, ಸರಳ ನಿರೂಪಣೆಯ ಕಾದಂಬರಿ ಕಿವಿಗೆ ಚೆನ್ನಾಗಿ ಒಗ್ಗುತ್ತವೆ, ನಾಟಕವಂತೂ ಹಲವು ದನಿಗಳಲ್ಲಿದ್ದರೆ ಇನ್ನೂ ಸೊಗಸು. ನಕ್ಷೆ, ವಂಶವೃಕ್ಷ, ಅಂಕಿಅಂಶಗಳಿರುವ ಪುಸ್ತಕವನ್ನು ಕೇಳಿ ತಿಳಿಯುವುದು ಕಷ್ಟ. ಹಿಂದಕ್ಕೆ ತಿರುವಿ ನೋಡಲು ಕಾಗದದ ಪುಟವೇ ಬೇಕು.

ಓದಿದ್ದು ನೆನಪೇ ಉಳಿಯುವುದಿಲ್ಲ. ಟಿಪ್ಪಣಿ ಹೇಗೆ ಮಾಡಿಕೊಳ್ಳಲಿ?

ಒಂದು ಚಿಕ್ಕ ನೋಟುಪುಸ್ತಕ ಇಡಿ. ಪ್ರತಿ ಪುಸ್ತಕಕ್ಕೆ ಒಂದೇ ಪುಟ, ಅದಕ್ಕಿಂತ ಹೆಚ್ಚು ಬೇಡ. ಆ ಪುಟದಲ್ಲಿ ಕಥಾಸಾರವನ್ನು ಬರೆಯಬೇಡಿ, ಅದನ್ನು ಬೆನ್ನುಪುಟದಲ್ಲಿ ಯಾರೋ ಆಗಲೇ ಬರೆದಿರುತ್ತಾರೆ. ಓದುವಾಗ ನೀವು ಎಲ್ಲಿ ನಿಂತಿರಿ, ಎಲ್ಲಿ ಹಿಂದಕ್ಕೆ ತಿರುವಿದಿರಿ, ಎಲ್ಲಿ ಬೇಸರವಾಯಿತು ಎಂಬುದನ್ನು ಪುಟಸಂಖ್ಯೆಯ ಸಮೇತ ಬರೆಯಿರಿ. ಪುಸ್ತಕ ಮುಗಿದ ಮರುದಿನ, ಅದನ್ನು ತೆರೆಯದೆ, ನೆನಪಿನಿಂದ ಮೂರು ಸಾಲು ಸೇರಿಸಿ. ಮುಗಿಸಿದ ಕೂಡಲೇ ಬರೆದ ಮಾತಿನಲ್ಲಿ ಕೊನೆಯ ಅಧ್ಯಾಯದ ಗುಂಗು ಹೆಚ್ಚಾಗಿರುತ್ತದೆ. ಒಂದು ರಾತ್ರಿ ಕಳೆದ ಮೇಲೆ ಉಳಿದದ್ದೇ ಮುಂದೆಯೂ ಉಳಿಯುವ ಸಂಭವ ಹೆಚ್ಚು.

ತಿಂಗಳ ಕೊನೆಗೆ ಆ ಪುಟಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಕಾದಂಬರಿಯ ಪುಟದಲ್ಲಿ ಪಾತ್ರಗಳ ಹೆಸರು ತುಂಬಿರುತ್ತದೆ, ಇತಿಹಾಸದ ಪುಟದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಿರುತ್ತವೆ, ಕವಿತೆಯ ಪುಟದಲ್ಲಿ ಒಂದೆರಡು ಸಾಲುಗಳನ್ನು ಹಾಗೆಯೇ ಬರೆದುಕೊಂಡಿರುತ್ತೀರಿ. ಟಿಪ್ಪಣಿಗಳು ಎಲ್ಲ ಪ್ರಕಾರಕ್ಕೂ ಒಂದೇ ತೆರನಾಗಿದ್ದರೆ ಓದೂ ಒಂದೇ ತೆರನಾಗಿತ್ತು ಎಂದು ತಿಳಿಯಬೇಕು.

## ಒಂದೊಂದು ಪ್ರಕಾರದ ಒಳಗೆ

ಕವಿತೆ ನನಗೆ ಅರ್ಥವೇ ಆಗುವುದಿಲ್ಲ. ಬಿಟ್ಟರೆ ತಿಂಗಳು ಅಪೂರ್ಣ ಆಗುತ್ತದಾ?

ಕವಿತೆಯನ್ನು ಬಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಓದಿನ ರೀತಿಯನ್ನು ಬದಲಿಸುವ ಶಕ್ತಿ ಅದಕ್ಕಿರುವಷ್ಟು ಬೇರೆ ಪ್ರಕಾರಕ್ಕಿಲ್ಲ. ಸಂಕಲನವನ್ನು ಕಾದಂಬರಿಯಂತೆ ಮೊದಲಿನಿಂದ ಕೊನೆಯವರೆಗೆ ಒಂದೇ ಬೀಸಿನಲ್ಲಿ ಓದುವುದೇ ಹೆಚ್ಚಿನವರಿಗೆ ಅಡ್ಡಿಯಾಗುವುದು. ದಿನಕ್ಕೊಂದು ಕವಿತೆ, ಎರಡು ಸಲ, ಒಮ್ಮೆ ಮನಸ್ಸಿನಲ್ಲಿ ಒಮ್ಮೆ ಗಟ್ಟಿಯಾಗಿ ಓದಿ. ಅರ್ಥ ಹೊಳೆಯದಿದ್ದರೆ ಹೊಳೆಯದ ಸಾಲಿಗೆ ಗುರುತು ಹಾಕಿ ಮುಂದೆ ಹೋಗಿ. ಡಿ.ವಿ.ಜಿ.ಯವರ ಮಂಕುತಿಮ್ಮನ ಕಗ್ಗದಲ್ಲಿ 945 ಪದ್ಯಗಳಿವೆ; ಅದನ್ನು ಒಂದು ತಿಂಗಳಲ್ಲಿ ಮುಗಿಸಲು ಹೊರಟವರು ದಿನಕ್ಕೆ ಮೂವತ್ತಕ್ಕಿಂತ ಹೆಚ್ಚು ಪದ್ಯ ಓದಬೇಕಾಗುತ್ತದೆ, ಆಗ ಒಂದೂ ಉಳಿಯುವುದಿಲ್ಲ. ಮೂವತ್ತು ಪದ್ಯಗಳನ್ನಷ್ಟೇ ಆರಿಸಿಕೊಂಡು ದಿನಕ್ಕೊಂದರಂತೆ ಓದಿದವರೇ ಹೆಚ್ಚು ಪಡೆಯುತ್ತಾರೆ.

ಛಂದೋಬದ್ಧ ಕಾವ್ಯವಾದರೆ ಬೆರಳನ್ನು ಮೇಜಿನ ಮೇಲಿಟ್ಟುಕೊಳ್ಳಿ. ಕುಮಾರವ್ಯಾಸನ ಭಾರತ ಇರುವುದು ಭಾಮಿನಿ ಷಟ್ಪದಿಯಲ್ಲಿ. ಆರು ಸಾಲುಗಳ ಪದ್ಯ; ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು ಮತ್ತು ನಾಲ್ಕು ಮಾತ್ರೆಗಳ (ಒಂದು ಹ್ರಸ್ವ ಅಕ್ಷರವನ್ನು ಉಚ್ಚರಿಸುವಷ್ಟು ಕಾಲ ಒಂದು ಮಾತ್ರೆ) ಗಣಗಳು ಎರಡೆರಡು ಸಲ ಬಂದು ಹದಿನಾಲ್ಕು ಮಾತ್ರೆಗಳಾಗುತ್ತವೆ; ಮೂರು ಮತ್ತು ಆರನೆಯ ಸಾಲುಗಳಲ್ಲಿ ಅದೇ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ, ನಿಲ್ಲುತ್ತದೆ. ಮೂರು, ನಾಲ್ಕು, ಮೂರು, ನಾಲ್ಕು ಎಂದು ಬೆರಳಿನಿಂದ ತಟ್ಟುತ್ತಾ ಗಟ್ಟಿಯಾಗಿ ಓದಿ ನೋಡಿ. ಗದ್ಯದಂತೆ ಓದಿದಾಗ ಗೋಜಲಾಗಿ ಕಂಡ ಪದಗಳು ಎಲ್ಲಿ ಒಡೆಯಬೇಕೋ ಅಲ್ಲಿ ಒಡೆಯುತ್ತವೆ, ಮೂರನೆಯ ಸಾಲಿನ ಉದ್ದದಲ್ಲಿ ಉಸಿರು ಹಿಡಿದು ಗುರುವಿನ ಮೇಲೆ ಬಿಟ್ಟಾಗ ಕವಿ ಅಲ್ಲೇಕೆ ಆ ಮಾತನ್ನಿಟ್ಟನೆಂಬುದು ಕಿವಿಗೆ ತಿಳಿಯುತ್ತದೆ. ಅರ್ಥಕೋಶ ತೆರೆಯುವುದು ಅದಾದ ಮೇಲೆ.

ನಾಟಕ ಇರುವುದು ನೋಡುವುದಕ್ಕೆ, ಓದುವುದಕ್ಕಲ್ಲ. ಅದನ್ನೇಕೆ ಸೇರಿಸಬೇಕು?

ನೋಡುವಾಗ ನಿರ್ದೇಶಕ ನಿಮಗಾಗಿ ಮಾಡಿಟ್ಟ ಆಯ್ಕೆಗಳನ್ನೆಲ್ಲ ಓದುವಾಗ ನೀವೇ ಮಾಡಬೇಕು. ಯಾರು ಎಲ್ಲಿ ನಿಂತಿದ್ದಾರೆ, ಮಾತಿಗೂ ಮಾತಿಗೂ ನಡುವೆ ಎಷ್ಟು ಹೊತ್ತು ಮೌನ, ಮಾತನಾಡದೆ ಕೇಳುತ್ತಿರುವವನ ಮುಖದಲ್ಲಿ ಏನಿದೆ ಎಂಬುದು ಪುಟದ ಮೇಲೆ ಇರುವುದಿಲ್ಲ.

ಗಿರೀಶ ಕಾರ್ನಾಡರ 'ತುಘಲಕ್' (1964) ತೆರೆದುಕೊಳ್ಳುವುದು 1327ರಲ್ಲಿ, ದೆಹಲಿಯ ನ್ಯಾಯಾಲಯದ ಮುಂದೆ ನೆರೆದ ಜನರ ನಡುವೆ. ಅಲ್ಲಿರುವವರಿಗೆ ಹೆಸರುಗಳಿಲ್ಲ. ಮುದುಕ, ಯುವಕ ಎಂಬ ಗುರುತಿನ ದನಿಗಳು ಸುಲ್ತಾನನ ಬಗ್ಗೆ ವಾದಿಸುತ್ತವೆ. ಆಮೇಲೆ ಸುಲ್ತಾನನ ವಿರುದ್ಧವೇ ದಾವೆ ಗೆದ್ದ ಒಬ್ಬ ಬ್ರಾಹ್ಮಣನ ಸುದ್ದಿ ಬರುತ್ತದೆ. ಕಣ್ಣಾಡಿಸಿಕೊಂಡು ಹೋಗುವ ಓದುಗ ಈ ಗುಂಪನ್ನು ಪೀಠಿಕೆಯೆಂದು ತಿಳಿದು ಸುಲ್ತಾನನ ಮಾತಿಗಾಗಿ ಕಾಯುತ್ತಾನೆ. ಅದೇ ದೃಶ್ಯವನ್ನು ಎರಡನೆಯ ಸಲ, ಒಂದೊಂದು ದನಿಗೂ ಒಂದು ವಯಸ್ಸು, ಒಂದು ಭಯ ಕೊಟ್ಟು ಓದಿದಾಗ ನಾಟಕದ ಇಡೀ ಜಗಳ ಅಲ್ಲೇ ಶುರುವಾಗಿರುವುದು ಕಾಣುತ್ತದೆ: ಒಳ್ಳೆಯ ಆದರ್ಶವನ್ನು ನಂಬದ ಜನ, ಆ ಆದರ್ಶವನ್ನೇ ಲಾಭಕ್ಕೆ ಬಳಸಿಕೊಳ್ಳುವ ಜಾಣ. ಗೆದ್ದ ಆ ಬ್ರಾಹ್ಮಣ ವಾಸ್ತವದಲ್ಲಿ ವೇಷ ಹಾಕಿದ ಅಗಸ ಅಜೀಜ್ ಎಂದು ತಿಳಿದ ಮೇಲೆ ಆತನ ಮಾತುಗಳಿಗೆ ಮತ್ತೊಮ್ಮೆ ಹೋಗಿ ನೋಡಬೇಕು. ಪುಸ್ತಕದಲ್ಲಿ ಹಾಗೆ ಹಿಂದಕ್ಕೆ ಹೋಗಬಹುದು, ರಂಗಮಂದಿರದಲ್ಲಿ ಆಗದು.

ಸಾಧ್ಯವಾದರೆ ನಾಟಕವನ್ನು ಇಬ್ಬರು ಮೂವರು ಸೇರಿ ಪಾತ್ರ ಹಂಚಿಕೊಂಡು ಓದಿ. ರಂಗಸೂಚನೆಗಳನ್ನು ಹಾರಿಸಬೇಡಿ.

ಪತ್ತೇದಾರಿ, ವೈಜ್ಞಾನಿಕ ಕಾದಂಬರಿ ಓದಿದರೆ ಗಂಭೀರ ಓದು ಅನಿಸಿಕೊಳ್ಳುತ್ತದಾ?

ಓದುವ ರೀತಿ ಗಂಭೀರವಾಗಿದ್ದರೆ ಅನಿಸಿಕೊಳ್ಳುತ್ತದೆ. ಪತ್ತೇದಾರಿ ಕಥೆಯ ಆರಂಭವನ್ನು ಸಾಮಾನ್ಯವಾಗಿ 1841ರಲ್ಲಿ ಎಡ್ಗರ್ ಅಲನ್ ಪೋ ಬರೆದ ಒಂದು ಸಣ್ಣ ಕಥೆಯಿಂದ ಗುರುತಿಸುತ್ತಾರೆ. 1929ರಲ್ಲಿ ಇಂಗ್ಲಿಷ್ ಲೇಖಕ ರೊನಾಲ್ಡ್ ನಾಕ್ಸ್ ಈ ಪ್ರಕಾರಕ್ಕೆ ಹತ್ತು ನಿಯಮಗಳನ್ನು ಬರೆದಾಗ ಅವುಗಳಲ್ಲೊಂದು, ಪತ್ತೇದಾರನಿಗೆ ಸಿಕ್ಕ ಸುಳಿವನ್ನು ಓದುಗನಿಂದ ಮುಚ್ಚಿಡಬಾರದು ಎಂಬುದಾಗಿತ್ತು. ಅಂದರೆ ಲೇಖಕ ಎಲ್ಲವನ್ನೂ ನಮ್ಮ ಕಣ್ಣೆದುರಿಗೇ ಇಟ್ಟು, ನಾವು ನೋಡದಂತೆ ಮಾಡಬೇಕು. ಮುಖ್ಯವಾದ ವಸ್ತುವನ್ನು ಐದು ಅಮುಖ್ಯ ವಸ್ತುಗಳ ಪಟ್ಟಿಯ ನಡುವೆ ಇಡುವುದು, ಸುಳಿವು ಕೊಟ್ಟ ಮರುವಾಕ್ಯದಲ್ಲೇ ಜಗಳವೊಂದನ್ನು ತರುವುದು ಅದಕ್ಕೆ ಬಳಸುವ ಉಪಾಯಗಳು. ಕೊನೆ ತಿಳಿದ ಮೇಲೆ ಮೊದಲ ಮೂರು ಅಧ್ಯಾಯಗಳನ್ನು ಮತ್ತೆ ಓದಿದರೆ ಗದ್ಯವನ್ನು ಎಷ್ಟು ಎಚ್ಚರದಿಂದ ಕಟ್ಟಬಹುದೆಂಬುದನ್ನು ಕಲಿಯುತ್ತೀರಿ.

ವೈಜ್ಞಾನಿಕ ಕಾದಂಬರಿಯಲ್ಲಿ ಬೇರೊಂದು ಅಭ್ಯಾಸ ಬೇಕು: ವಾಸ್ತವದಲ್ಲಿ ಬದಲಾದ ಒಂದು ಸಂಗತಿ ಯಾವುದು ಎಂಬುದನ್ನು ಮೊದಲು ಹುಡುಕಿ, ಉಳಿದದ್ದೆಲ್ಲ ಅದರಿಂದ ಹೇಗೆ ಹೊರಡುತ್ತದೆ ಎಂದು ನೋಡುವುದು.

ವಿಜ್ಞಾನ, ಇತಿಹಾಸದ ಪುಸ್ತಕ ಆಮೆಯ ವೇಗದಲ್ಲಿ ಸಾಗುತ್ತದೆ. ಪ್ರತಿ ಪುಟವನ್ನೂ ಓದಲೇಬೇಕಾ?

ಬೇಕಿಲ್ಲ. ಕಥೆಯ ಪುಸ್ತಕದಲ್ಲಿ ಕೊನೆಯನ್ನು ಮೊದಲೇ ಓದುವುದು ನಷ್ಟ, ವಾದದ ಪುಸ್ತಕದಲ್ಲಿ ಅದು ಲಾಭ. ಪರಿವಿಡಿ, ಮುನ್ನುಡಿ, ಕೊನೆಯ ಅಧ್ಯಾಯ ಈ ಮೂರನ್ನು ಮೊದಲು ಓದಿ. ಚಾರ್ಲ್ಸ್ ಡಾರ್ವಿನ್ 1859ರಲ್ಲಿ ಪ್ರಕಟಿಸಿದ ಜೀವಿಗಳ ಉಗಮದ ಗ್ರಂಥದ ಕೊನೆಯ ಅಧ್ಯಾಯ ಇಡೀ ವಾದವನ್ನು ಮತ್ತೊಮ್ಮೆ ಸಂಗ್ರಹಿಸಿ ಹೇಳುತ್ತದೆ. ಅದನ್ನು ಮೊದಲು ಓದಿಕೊಂಡವರಿಗೆ ಪಾರಿವಾಳಗಳ ಬಗೆಗಿನ ದೀರ್ಘ ವಿವರಣೆ ಮೊದಲ ಅಧ್ಯಾಯದಲ್ಲೇ ಏಕೆ ಬಂತೆಂದು ಗೊತ್ತಿರುತ್ತದೆ: ಮನುಷ್ಯ ಸಾಕುಪ್ರಾಣಿಗಳಲ್ಲಿ ಆಯ್ದು ತಳಿ ಮಾಡುವುದನ್ನು ತೋರಿಸಿ, ನಿಸರ್ಗದ ಆಯ್ಕೆಯ ಕಡೆಗೆ ಓದುಗನನ್ನು ನಡೆಸುವುದು ಅವರ ದಾರಿ.

ಇತಿಹಾಸದ ಪುಸ್ತಕದಲ್ಲಿ ಅಡಿಟಿಪ್ಪಣಿಗಳ ಮೇಲೆ ಕಣ್ಣಿಡಿ. ಲೇಖಕರು ಶಾಸನದಿಂದ ಹೇಳುತ್ತಿದ್ದಾರೋ, ಸಮಕಾಲೀನನೊಬ್ಬನ ಬರಹದಿಂದಲೋ, ಮತ್ತೊಬ್ಬ ಇತಿಹಾಸಕಾರರ ಅಭಿಪ್ರಾಯದಿಂದಲೋ ಎಂಬುದು ಅಲ್ಲಿ ತಿಳಿಯುತ್ತದೆ, ಮತ್ತು ಅದನ್ನು ನೋಡದೆ ಓದಿದ ಇತಿಹಾಸಕ್ಕೂ ಕಾದಂಬರಿಗೂ ವ್ಯತ್ಯಾಸವೇ ಉಳಿಯುವುದಿಲ್ಲ.

ಆತ್ಮಕಥೆಯಲ್ಲಿ ಬರೆದದ್ದೆಲ್ಲ ನಿಜ ಅಂತ ನಂಬಿ ಓದಬೇಕಾ?

ನೆನಪಿನಿಂದ ಕಟ್ಟಿದ್ದು ಎಂದು ತಿಳಿದು ಓದಬೇಕು. ಕಟ್ಟಿದ್ದು ಎಂದರೆ ಸುಳ್ಳು ಎಂದಲ್ಲ. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳಿಂದ ಅಡಗಿದ್ದ ಯಹೂದಿ ಹುಡುಗಿ ಆನ್ ಫ್ರಾಂಕ್‌ಳ ದಿನಚರಿ ಆ ಕ್ಷಣದ ಬರಹವೆಂದೇ ನಾವೆಲ್ಲ ಓದುತ್ತೇವೆ. 1944ರ ವಸಂತದಲ್ಲಿ, ಯುದ್ಧಕಾಲದ ದಿನಚರಿ ಮತ್ತು ಪತ್ರಗಳನ್ನು ಕಾಪಾಡಿಡಬೇಕೆಂಬ ಕರೆಯನ್ನು ರೇಡಿಯೋದಲ್ಲಿ ಕೇಳಿದ ಆಕೆ, ಮುಂದೆ ಪ್ರಕಟಿಸುವ ಆಸೆಯಿಂದ ತನ್ನ ದಿನಚರಿಯನ್ನು ತಾನೇ ತಿದ್ದಿ ಮತ್ತೆ ಬರೆಯತೊಡಗಿದ್ದಳು. ಇದನ್ನು ತಿಳಿದ ಮೇಲೆ ಆ ಪುಸ್ತಕದ ಮೇಲಿನ ನನ್ನ ಗೌರವ ಹೆಚ್ಚಿತು. ಅಡಗುತಾಣದಲ್ಲಿದ್ದ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಲೇಖಕಿಯಾಗಿ ತನ್ನ ವಾಕ್ಯಗಳ ಮುಂದೆ ಕುಳಿತಿದ್ದಳು. ಆತ್ಮಕಥೆ ಓದುವಾಗ ಘಟನೆ ನಡೆದ ವರ್ಷ ಮತ್ತು ಅದನ್ನು ಬರೆದ ವರ್ಷ ಎರಡನ್ನೂ ಅಂಚಿನಲ್ಲಿ ಗುರುತಿಸಿಕೊಳ್ಳಿ. ಆ ಅಂತರ ಹೆಚ್ಚಾದಷ್ಟೂ, ಯಾವುದನ್ನು ಬಿಟ್ಟಿದ್ದಾರೆ ಎಂಬ ಪ್ರಶ್ನೆಗೆ ತೂಕ ಹೆಚ್ಚು.

ಅನುವಾದ ಓದಿದರೆ ಅದು ಬೇರೆ ಪ್ರಕಾರವಾ?

ಅಲ್ಲ, ಅನುವಾದಿತ ಕಾದಂಬರಿ ಕಾದಂಬರಿಯೇ. ಆದರೆ ತಿಂಗಳಲ್ಲಿ ಒಂದಾದರೂ ಅನುವಾದ ಇರಲಿ, ಮತ್ತು ಅನುವಾದಕರ ಹೆಸರನ್ನೂ ನೋಟುಪುಸ್ತಕದಲ್ಲಿ ಬರೆದುಕೊಳ್ಳಿ. ಬಾನು ಮುಷ್ತಾಕ್ ಅವರ ಹನ್ನೆರಡು ಕನ್ನಡ ಕಥೆಗಳ ಇಂಗ್ಲಿಷ್ ಸಂಕಲನ 'ಹಾರ್ಟ್ ಲ್ಯಾಂಪ್'ಗೆ 2025ರ ಅಂತರರಾಷ್ಟ್ರೀಯ ಬೂಕರ್ ಬಂದಾಗ ಬಹುಮಾನ ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿಯವರಿಗೂ ಸೇರಿಯೇ ಸಂದಿತು. ಎರಡೂ ಭಾಷೆ ಬಲ್ಲವರು ಒಂದು ಕಥೆಯನ್ನು ಎರಡರಲ್ಲೂ ಓದಿದರೆ ತಿಂಗಳ ಒಂದು ಸಂಜೆ ಬಹಳ ಚೆನ್ನಾಗಿ ಕಳೆಯುತ್ತದೆ.

## ಅಭ್ಯಾಸವಾದವರಿಗೆ

ಒಂದು ಪುಸ್ತಕ ಎರಡು ಮೂರು ಪ್ರಕಾರಕ್ಕೆ ಸೇರಿದರೆ ಯಾವುದರಲ್ಲಿ ಎಣಿಸಲಿ?

ನೀವು ಅದನ್ನು ಹೇಗೆ ಓದಿದಿರೋ ಅದರಲ್ಲಿ ಎಣಿಸಿ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಸಸ್ಯಶಾಸ್ತ್ರದ ಪುಸ್ತಕ, ವಿದ್ಯಾರ್ಥಿಗಳೊಂದಿಗಿನ ಪ್ರವಾಸದ ಕಥನ, ಹಾಸ್ಯದ ಗದ್ಯ ಎಲ್ಲವೂ ಹೌದು. 1978ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಗಿಡಗಳ ಚಿತ್ರ ಮತ್ತು ಲಕ್ಷಣಗಳ ಮುಂದೆ ನಿಂತು ಓದಿದರೆ ಅದು ನಿಮಗೆ ವಿಜ್ಞಾನ. ಹುಡುಗರ ಮಾತುಕತೆಯ ಬೆನ್ನು ಹತ್ತಿದರೆ ಪ್ರವಾಸ ಕಥನ. ಮೇರಿ ಶೆಲ್ಲಿಯವರ 'ಫ್ರಾಂಕೆನ್‌ಸ್ಟೈನ್' (1818) ಭಯಾನಕ ಕಥೆಯ ಸಾಲಿನಲ್ಲೂ ವೈಜ್ಞಾನಿಕ ಕಾದಂಬರಿಯ ಸಾಲಿನಲ್ಲೂ ನಿಲ್ಲುತ್ತದೆ. ಗಡಿಯ ಮೇಲೆ ನಿಂತ ಇಂಥ ಪುಸ್ತಕಗಳು ಎರಡನೆಯ, ಮೂರನೆಯ ಬಾರಿ ಈ ತಿಂಗಳನ್ನು ಮಾಡುವವರಿಗೆ ಅತ್ಯುತ್ತಮ.

ಒಂದೇ ವಿಷಯವನ್ನು ಹಲವು ಪ್ರಕಾರಗಳಲ್ಲಿ ಓದಿದರೆ ಹೇಗೆ?

ನನಗೆ ಅತ್ಯಂತ ಇಷ್ಟವಾದ ಕ್ರಮ ಅದೇ. ವಿಷಯ ಸ್ಥಿರವಾಗಿ ನಿಂತಾಗ ಪ್ರಕಾರ ಏನು ಮಾಡುತ್ತದೆ ಎಂಬುದು ಎದ್ದು ಕಾಣುತ್ತದೆ.

ಮಹಾಭಾರತವನ್ನೇ ತೆಗೆದುಕೊಳ್ಳಿ. ಹತ್ತನೆಯ ಶತಮಾನದ ಪಂಪ ಅದನ್ನು ಗದ್ಯ ಪದ್ಯಗಳು ಬೆರೆತ ಚಂಪುವಿನಲ್ಲಿ, ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿ ಬರೆದ. ಕುಮಾರವ್ಯಾಸ ಷಟ್ಪದಿಯಲ್ಲಿ, ಕೃಷ್ಣನ ಕಥೆಯಾಗಿ ಹಾಡಿದ. ಎಸ್.ಎಲ್. ಭೈರಪ್ಪನವರ 'ಪರ್ವ' (1979) ಕಾದಂಬರಿಯಾದದ್ದರಿಂದ ವರ ಶಾಪಗಳನ್ನು ಬದಿಗಿಟ್ಟು, ಪಾತ್ರಗಳ ಒಳಮನಸ್ಸಿನ ಹರಿವಿನೊಳಗೆ ಇಳಿಯಿತು. ಕಾರ್ನಾಡರ 'ಯಯಾತಿ' (1961) ಆದಿಪರ್ವದ ಒಂದು ಉಪಾಖ್ಯಾನವನ್ನು ಮಾತ್ರ ಎತ್ತಿಕೊಂಡು ನಾಟಕವಾಯಿತು. ತಂದೆಗೆ ಯೌವನ ಕೊಟ್ಟು ಮುಪ್ಪನ್ನು ಪಡೆದ ಪೂರುವಿನ ತ್ಯಾಗ ಮೂಲಕಥೆಯಲ್ಲಿ ಹೊಗಳಿಕೆಗೆ ಪಾತ್ರವಾದದ್ದು. ನಾಟಕಕಾರ ಅಲ್ಲಿಗೆ ಪೂರುವಿನ ಹೆಂಡತಿ ಚಿತ್ರಲೇಖೆಯನ್ನು ತಂದು ನಿಲ್ಲಿಸುತ್ತಾರೆ. ಅವಳು ಪ್ರಶ್ನೆ ಕೇಳುತ್ತಾಳೆ, ಎದುರಿನವರು ಉತ್ತರಿಸಲೇಬೇಕು. ನಿರೂಪಣೆಯ ಕಾವ್ಯದಲ್ಲಿ ಸುಮ್ಮನೆ ದಾಟಿಹೋಗಬಹುದಾದ ಈ ಪ್ರಶ್ನೆಯನ್ನು ರಂಗದ ಮೇಲೆ ದಾಟಲು ಸಾಧ್ಯವಿಲ್ಲ. ನಾಟಕ ಎಂಬ ಪ್ರಕಾರವೇ ಆ ಪಾತ್ರವನ್ನು ಕೇಳಿ ಪಡೆಯಿತೇನೋ ಎನಿಸುತ್ತದೆ. ಒಂದು ತಿಂಗಳಿಗೆ ಪಂಪ, ಕುಮಾರವ್ಯಾಸರಿಂದ ಒಂದೊಂದು ಭಾಗ, 'ಪರ್ವ'ದ ಕೆಲವು ಅಧ್ಯಾಯಗಳು, 'ಯಯಾತಿ' ಪೂರ್ತಿ ಇಟ್ಟುಕೊಂಡರೆ ಸಾಕಷ್ಟಾಯಿತು.

ಸಾಂಕ್ರಾಮಿಕ ರೋಗ ಇನ್ನೊಂದು ಒಳ್ಳೆಯ ವಿಷಯ. 1665ರ ಲಂಡನ್ ಪ್ಲೇಗಿನ ಬಗ್ಗೆ ಡೇನಿಯಲ್ ಡಿಫೋ 1722ರಲ್ಲಿ ಪ್ರಕಟಿಸಿದ ಪುಸ್ತಕ ಕಣ್ಣಾರೆ ಕಂಡವನ ದಿನಚರಿಯ ರೂಪದಲ್ಲಿದೆ, ಆದರೆ ರೋಗ ಹಬ್ಬಿದಾಗ ಡಿಫೋ ಇನ್ನೂ ಸಣ್ಣ ಮಗು. ಅದರ ಪಕ್ಕದಲ್ಲಿ ಆಲ್ಬೆರ್ ಕಾಮು 1947ರಲ್ಲಿ ಪ್ರಕಟಿಸಿದ ಪ್ಲೇಗ್ ಕಾದಂಬರಿಯನ್ನೂ ವೈದ್ಯಕೀಯ ಇತಿಹಾಸದ ಒಂದು ಪುಸ್ತಕವನ್ನೂ ಇಟ್ಟು ಓದಿದರೆ ಸಾವಿನ ಅಂಕಿ ಮೂರು ಕಡೆ ಮೂರು ಬೇರೆ ಕೆಲಸಗಳನ್ನು ಮಾಡುವುದು ಕಾಣುತ್ತದೆ.

ಹೀಗೆ ಹಾರಿ ಹಾರಿ ಓದಿದರೆ ಯಾವುದರಲ್ಲೂ ಆಳ ಬರುವುದಿಲ್ಲ ಅಲ್ಲವೇ?

ಈ ಆಕ್ಷೇಪದಲ್ಲಿ ಹುರುಳಿದೆ. ವರ್ಷವಿಡೀ ಹೀಗೆಯೇ ಓದಿದರೆ ಎಲ್ಲದರ ಅಂಚನ್ನು ಮಾತ್ರ ಮುಟ್ಟಿದಂತಾಗುತ್ತದೆ. ಒಬ್ಬ ಲೇಖಕರ ಬರಹವನ್ನು ಮೊದಲಿನಿಂದ ಕೊನೆಯವರೆಗೆ ಓದುವುದು, ಒಂದು ಕಾಲದ ಕಾವ್ಯದಲ್ಲಿ ತಿಂಗಳುಗಟ್ಟಲೆ ಇರುವುದು ಕೊಡುವ ತಿಳಿವಳಿಕೆಯನ್ನು ಈ ಕ್ರಮ ಕೊಡಲಾರದು, ಕೊಡುತ್ತದೆಂದು ನಾನು ಹೇಳುವುದೂ ಇಲ್ಲ. ಆದ್ದರಿಂದ ವರ್ಷಕ್ಕೆ ಒಂದು ಅಥವಾ ಎರಡು ತಿಂಗಳನ್ನು ಮಾತ್ರ ಇದಕ್ಕೆ ಮೀಸಲಿಡಿ. ಆಳಕ್ಕೆ ಇಳಿಯುವ ಜಾಗವನ್ನು ಗುರುತಿಸಲು ಮೊದಲು ಸುತ್ತಾಡಿ ನೋಡಬೇಕಾಗುತ್ತದೆ. ಎಷ್ಟೋ ಮಂದಿಗೆ ತಮ್ಮ ನಿಜವಾದ ಒಲವು ಪ್ರಬಂಧದಲ್ಲಿದೆ ಅಥವಾ ಇತಿಹಾಸದಲ್ಲಿದೆ ಎಂಬುದು ಇಂಥ ತಿಂಗಳಿನ ನಂತರವೇ ತಿಳಿದಿದೆ.

ನಾಲ್ಕೈದು ಜನ ಸೇರಿ ಮಾಡಿದರೆ ಎಲ್ಲರೂ ಒಂದೇ ಪುಸ್ತಕ ಓದಬೇಕಾ?

ಬೇಡ. ವಾರಕ್ಕೊಂದು ಪ್ರಕಾರವನ್ನು ಸಾಮಾನ್ಯವಾಗಿಟ್ಟುಕೊಂಡು ಪುಸ್ತಕಗಳನ್ನು ಬೇರೆ ಬೇರೆಯಾಗಿರಲು ಬಿಡಿ. ಎಲ್ಲರೂ ಒಂದೇ ಆತ್ಮಕಥೆ ಓದಿದಾಗ ಮಾತು ಆ ವ್ಯಕ್ತಿಯ ಬಗ್ಗೆ ಸಾಗುತ್ತದೆ, ಐದು ಜನ ಐದು ಆತ್ಮಕಥೆ ಓದಿದಾಗ ಆತ್ಮಕಥೆಯ ಬಗ್ಗೆ ಸಾಗುತ್ತದೆ. ಸೇರಿದಾಗ ಪ್ರತಿಯೊಬ್ಬರೂ ತಮ್ಮ ಪುಸ್ತಕದ ಒಂದು ಪುಟವನ್ನು ಗಟ್ಟಿಯಾಗಿ ಓದಲಿ. ಕಥೆ ಹೇಳುವುದು ಬೇಡ.

ತಿಂಗಳು ಮುಗಿಯಿತು. ಮುಂದಿನ ತಿಂಗಳು ಏನು ಓದಲಿ?

ನೋಟುಪುಸ್ತಕ ತೆರೆದು ಎರಡು ಪುಟಗಳನ್ನು ಹುಡುಕಿ: ನೀವು ಅತಿ ಹೆಚ್ಚು ಸಲ ಹಿಂದಕ್ಕೆ ತಿರುವಿದ ಪುಸ್ತಕದ್ದು, ಅತಿ ಹೆಚ್ಚು ಬೇಸರಪಟ್ಟ ಪುಸ್ತಕದ್ದು. ಮೊದಲನೆಯದು ಯಾವ ಪ್ರಕಾರದ್ದೋ ಆ ಪ್ರಕಾರದಲ್ಲೇ ಮುಂದಿನ ತಿಂಗಳು ಪೂರ್ತಿ ಇರಿ, ಮೂರು ಪುಸ್ತಕ ಓದಿ, ಅವುಗಳಲ್ಲೊಂದು ಆ ಪ್ರಕಾರದ ತೀರ ಹಳೆಯ ಕೃತಿಯಾಗಿರಲಿ. ಎರಡನೆಯದನ್ನು ಆರು ತಿಂಗಳ ಮಟ್ಟಿಗೆ ಕಪಾಟಿನಲ್ಲೇ ಬಿಡಿ, ಆದರೆ ಯಾರಿ­ಗೂ ಕೊಟ್ಟುಬಿಡಬೇಡಿ. ಮತ್ತೆ ತೆರೆಯುವಾಗ ಅದರ ಮೊದಲ ಹತ್ತು ಪುಟಗಳನ್ನು ಹಿಂದಿನ ಸಲಕ್ಕಿಂತ ನಿಧಾನವಾಗಿ, ಗಟ್ಟಿಯಾಗಿ ಓದಿ.